ಹೂವಿಗೂ ಕ್ರಾಪಾ?

ನಮ್ಮೂರ ಕಡೆ ಕ್ರಾಪು ಅಂದ್ರೆ ಎರಡೇ ಅರ್ಥ. ಒಂದು ತಲೆಗೂದಲು. "ಕ್ರಾಪು ಜಾಸ್ತಿ ಆಗೈತೆ, ಕಟಿಂಗ್ ಮಾಡಿಸ್ಕೊಂಡು ಬಾ" ಅಂತ ಅವ್ವ ಈಗಲೂ ಗದರುತ್ತಾಳೆ. ಇನ್ನೊಂದು ಬ್ಯಾಂಕಿನ ಕ್ರಾಪ್ ಲೋನು. ಹಾಗಾಗಿ "ಆ ಫೋಟೋನ ಕ್ರಾಪ್ ಮಾಡಿದ್ದೆ ಅಪ್ಪ" ಅಂತ ನಾನು ಹೇಳಿದಾಗ ಅಪ್ಪ ನಕ್ಕುಬಿಟ್ಟ. "ಹೂವಿಗೂ ಕ್ರಾಪಾ?"

ನಾನು ನಗಲಿಲ್ಲ. ಆ ಮಾತು ಹೇಳಬೇಕಾ ಬೇಡವಾ ಅಂತ ಒಂದು ತಿಂಗಳು ಯೋಚನೆ ಮಾಡಿದ್ದೆ.

ನಮ್ಮ ಹೊಲ ಇರೋದು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಬ್ರಹ್ಮಗಿರಿ ಬೆಟ್ಟ ಕಾಣೋ ದೂರದಲ್ಲಿ. ಬಂಡೆ, ಕುರುಚಲು, ಬಳ್ಳಾರಿ ಜಾಲಿ, ಮಳೆ ಬಂದ ವರ್ಷ ಶೇಂಗಾ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ಜಾಗಗಳಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಸೇರುತ್ತವೆ. ಆದರೂ ದೀಪಾವಳಿ ಹೊತ್ತಿಗೆ ಬದುಗಳ ಮೇಲೆಲ್ಲ ತಂಗಡಿ ಹೂವು. ಪುಸ್ತಕದಲ್ಲಿ ಇದನ್ನ ಆವರಿಕೆ ಅಂತಾರೆ. ಐದು ಎಸಳಿನ ಹಳದಿ ಹೂವು. ಹಬ್ಬದ ದಿನ ಸಗಣಿ ಉಂಡೆಗೆ ಸಿಕ್ಕಿಸಿ ಹೊಸ್ತಿಲಲ್ಲಿ ಇಡ್ತೀವಿ. ಇದರ ತೊಗಟೆಯನ್ನ ಹಿಂದೆ ಚರ್ಮ ಹದ ಮಾಡೋಕೆ ಬಳಸುತ್ತಿದ್ದರು. ದನ, ಮೇಕೆ ಸಾಮಾನ್ಯವಾಗಿ ಇದಕ್ಕೆ ಬಾಯಿ ಹಾಕಲ್ಲ. ಮಿಕ್ಕಿದ್ದೆಲ್ಲ ಮೇಯ್ದು ಮುಗಿದ ನೆಲದಲ್ಲಿ ಇದೊಂದು ಉಳಿದುಕೊಂಡಿರುತ್ತೆ. ಬೆಂಗಳೂರಿನವರಿಗೆ ಸಮೃದ್ಧಿ ಅಂತ ಕಾಣೋ ಆ ಹಳದಿ ಎಷ್ಟೋ ಕಡೆ ನೆಲ ಸೋತಿರೋದರ ಗುರುತು.

ಹಬ್ಬದ ಮಾರನೇ ದಿನ ಬೆಳಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋಗಿದ್ದೆ. ಶೇಂಗಾ ಕಿತ್ತು ಮುಗಿದಿತ್ತು. ಬದುವಿನ ಮೇಲೆ ಮಂಡಿಯೂರಿ ಕೂತು ತಂಗಡಿಯ ಒಂದು ಗೊಂಚಲನ್ನ ಇಪ್ಪತ್ತು ಸಲ ಕ್ಲಿಕ್ಕಿಸಿದೆ. ಗೊಂಚಲು ಚೌಕಟ್ಟಿನ ಎಡಗಡೆ ಮೂರನೇ ಒಂದು ಭಾಗದಲ್ಲಿ, ಬಲಗಡೆ ಖಾಲಿ. ಫೋಟೋಗ್ರಫಿ ಕಲಿಯೋರಿಗೆ ಮೊದಲ ವಾರ ಹೇಳಿಕೊಡೋ ಪಾಠ ಅದು. ಹೂವು ಖಾಲಿ ಜಾಗದ ಕಡೆ ನೋಡ್ತಾ ಇರಬೇಕು, ಕಣ್ಣಿಗೆ ಓಡಾಡೋಕೆ ಜಾಗ ಸಿಗಬೇಕು.

ಬೆಂಗಳೂರಿಗೆ ಬಂದು ಭಾನುವಾರ ರಾತ್ರಿ ದೊಡ್ಡ ಮಾನಿಟರಿನಲ್ಲಿ ತೆಗೆದು ನೋಡಿದೆ. ಖಾಲಿ ಅಂದುಕೊಂಡಿದ್ದ ಬಲಗಡೆ ಖಾಲಿ ಇರಲಿಲ್ಲ. ಮೂವತ್ತು ಅಡಿ ಆಚೆ ಮಸುಕು ಮಸುಕಾಗಿ ನೀಲಿ ಚೌಕಳಿ ಟವೆಲ್ಲು, ಬಿಳಿ ಬನಿಯನ್ನು. ಅಪ್ಪ ಕೂತಿದ್ದ. ಸುಮ್ಮನೆ ಕೂತಿರಲಿಲ್ಲ. ಒಂದು ಕೈ ಕಲ್ಲಿನ ಮೇಲೆ ಊರಿ, ಇನ್ನೊಂದು ಕೈಯಲ್ಲಿ ಮಂಡಿ ಹಿಡಿದುಕೊಂಡು, ತಲೆ ಬಗ್ಗಿಸಿದ್ದ.

ಆಗ ನನ್ನ ತಲೆಗೆ ಬಂದ ಪದ ನೆನಪಿದೆ. ಡಿಸ್ಟ್ರಾಕ್ಷನ್.

ನನ್ನ ಕ್ಯಾಮೆರಾದ ಒಂದು ಫೋಟೋ 6000 ಪಿಕ್ಸೆಲ್ ಅಗಲ, 4000 ಎತ್ತರ. ಇನ್‌ಸ್ಟಾಗ್ರಾಮಿಗೆ ನಾಲ್ಕಕ್ಕೆ ಐದರ ಅಳತೆಯಲ್ಲಿ ನಿಲ್ಲಿಸಬೇಕು ಅಂದ್ರೆ ಎತ್ತರ ಹಾಗೇ ಇಟ್ಟರೂ ಅಗಲ 3200ಕ್ಕೆ ಇಳಿಯುತ್ತೆ. ಮಿಕ್ಕ 2800 ಹೋಗಬೇಕು. ಅಪ್ಪ ಆ 2800ರಲ್ಲಿ ಇದ್ದ. ಹತ್ತು ಸೆಕೆಂಡಿನ ಕೆಲಸ. ಫೋಟೋ ನಿಜಕ್ಕೂ ಚೆನ್ನಾಗಾಯ್ತು. "ನಮ್ಮೂರು. ನೆಮ್ಮದಿ" ಅಂತ ಬರೆದು ಹಾಕಿದೆ. ಆಫೀಸಿನವರೆಲ್ಲ ಮೆಚ್ಚಿದರು. "ಲಕ್ಕಿ ನೀನು, ಒಂದು ವೀಕೆಂಡ್ ಕರ್ಕೊಂಡು ಹೋಗು" ಅಂದರು. "ಬನ್ನಿ ಬನ್ನಿ" ಅಂದೆ.

ತಿಂಗಳಾದ ಮೇಲೆ ಅವ್ವ ಫೋನಿನಲ್ಲಿ ಬಾಯಿ ಬಿಟ್ಟಳು. ದಸರಾದಿಂದಲೂ ಅಪ್ಪನಿಗೆ ಮಂಡಿ ನೋವು, ರಾತ್ರಿ ನಿದ್ದೆ ಇಲ್ಲ, "ಮಗನಿಗೆ ಹೇಳಬ್ಯಾಡ, ಹಬ್ಬಕ್ಕೆ ಬಂದೋನು ಸುಮ್ನೆ ಹೋಗ್ಲಿ" ಅಂದಿದ್ದನಂತೆ. ಬಳ್ಳಾರಿಯಲ್ಲಿ ತೋರಿಸಿದೆವು. ಮೂಳೆ ಸವೆದಿದೆ, ಮೊದಲೇ ಬಂದಿದ್ರೆ ಒಳ್ಳೇದಿತ್ತು ಅಂದರು ಡಾಕ್ಟರು.

ಈಗ ಪ್ರಶ್ನೆ. ನಾನು ಮಾಡಿದ್ದರಲ್ಲಿ ತಪ್ಪು ಯಾವುದು?

ನನ್ನ ಪರ ವಾದ ಸುಲಭ. ಹೂವಿನ ಫೋಟೋ ಪಂಚನಾಮೆ ಅಲ್ಲ. ಎಲ್ಲ ಚೌಕಟ್ಟೂ ಎಲ್ಲೋ ಒಂದು ಕಡೆ ಮುಗಿಯಲೇಬೇಕು. ಕ್ರಾಪ್ ಮಾಡದೆ ಹಾಗೇ ಹಾಕಿದ್ದರೂ ಅದು ಪೂರ್ತಿ ಸತ್ಯ ಆಗ್ತಿರಲಿಲ್ಲ. ನನ್ನ ಬೆನ್ನ ಹಿಂದೆ ಜಾಲಿ ಮುಳ್ಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಕವರುಗಳಿದ್ದವು. ಅವನ್ನ ಲೆನ್ಸೇ ಕ್ರಾಪ್ ಮಾಡಿತ್ತು. ನಿಸರ್ಗ ಛಾಯಾಗ್ರಹಣದ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮವೂ ನನ್ನ ಕಡೆಗೇ ಇದೆ. ಚಿತ್ರದೊಳಗಿನ ವಸ್ತುವನ್ನ ಅಳಿಸೋದು, ಸೇರಿಸೋದು, ಜಾಗ ಬದಲಿಸೋದು ನಿಷಿದ್ಧ. ಕ್ರಾಪ್ ಮಾತ್ರ ಸರಿ. ಅದರ ಮೇಲೆ, ಬಹುಮಟ್ಟಿಗೆ ಮನುಷ್ಯನ ಗುರುತೇ ಚಿತ್ರದಲ್ಲಿ ಇರಬಾರದು. ಅಂದರೆ ಅಪ್ಪನನ್ನ ಹೊರಗಿಟ್ಟರೆ ಮಾತ್ರ ಆ ಫೋಟೋ ಸ್ಪರ್ಧೆಗೆ ಹೋಗಬಹುದು.

ಈ ನಿಯಮ ಸುಮ್ಮನೆ ಮಾಡಿದ್ದಲ್ಲ. ಇಲ್ಲದ್ದನ್ನ ಇದೆ ಅನ್ನೋದು ಸುಳ್ಳು; ಇದ್ದದ್ದರಲ್ಲಿ ಇಷ್ಟನ್ನ ಮಾತ್ರ ನೋಡು ಅನ್ನೋದು ಸುಳ್ಳಲ್ಲ. ಆದರೆ ಅದೇ ಹೊಲದಲ್ಲಿ ಇನ್ನೊಂದು ಫೋಟೋ ತೆಗೀತಾರೆ. ಸರ್ಕಾರದ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಸರ್ವೆ ನಂಬರಿನ ಗಡಿಯೊಳಗೆ ನಿಂತು ಬೆಳೆಯ ಫೋಟೋ ಹಾಕಬೇಕು. ಅಲ್ಲಿ ಒಣಗಿದ ಅರ್ಧ ಬಿಟ್ಟು ಹಸಿರಿರೋ ಅರ್ಧವನ್ನ ಮಾತ್ರ ತೋರಿಸಿದರೆ ಯಾರೂ ಕಲೆ ಅನ್ನಲ್ಲ. ಪಿಕ್ಸೆಲ್ ಅದೇ, ಕತ್ತರಿ ಅದೇ. ಬದಲಾಗಿದ್ದು ಫೋಟೋ ಏನು ಹೇಳ್ತೀನಿ ಅಂತ ಒಪ್ಪಿಕೊಂಡಿದೆ ಅನ್ನೋದು. ನಾನು "ತಂಗಡಿ ಹೂವು" ಅಂತಷ್ಟೇ ಬರೆದಿದ್ದರೆ ತಕರಾರು ಇರಲಿಲ್ಲ. "ನಮ್ಮೂರು. ನೆಮ್ಮದಿ" ಅಂದೆ. ಇಡೀ ಊರಿನ ಮೇಲೆ ಷರಾ ಬರೆದು, ಆ ಷರಾಕ್ಕೆ ಒಗ್ಗದ ಒಬ್ಬನನ್ನ ಅಂಚಿನಿಂದ ಆಚೆ ಹಾಕಿದೆ. ತೋರಿಸಿದ್ದು ಚಿಕ್ಕದು, ಹೇಳಿಕೊಂಡದ್ದು ದೊಡ್ಡದು. ಸುಳ್ಳು ಇದ್ದದ್ದು ಆ ಅಂತರದಲ್ಲಿ.

ಅಂಚಿನ ಬೆಲೆ ಏನು ಅಂತ ನಮ್ಮೂರಿನವನಾದ ನನಗೆ ಗೊತ್ತಿರಬೇಕಿತ್ತು. ಬ್ರಹ್ಮಗಿರಿಯ ಬಂಡೆ ಮೇಲಿನ ಅಶೋಕನ ಶಾಸನವನ್ನ 1892ರಲ್ಲಿ ಬಿ.ಎಲ್. ರೈಸ್ ಹೊರಲೋಕಕ್ಕೆ ತಿಳಿಸಿದರು. ಊರಿನವರು ಅದಕ್ಕೂ ಮುಂಚೆಯೇ ಅದನ್ನ 'ಅಕ್ಷರ ಗುಂಡು' ಅಂತ ಕರೀತಿದ್ದರು. ತಂದೆ ತಾಯಿಯ ಮಾತು ಕೇಳು, ಪ್ರಾಣಿಗಳ ಮೇಲೆ ದಯೆ ಇಡು, ಸತ್ಯ ಹೇಳು ಅನ್ನೋ ಉಪದೇಶ ಅದರಲ್ಲಿದೆ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. ಶಾಸನ ಪೂರ್ತಿ ಬ್ರಾಹ್ಮಿಯಲ್ಲಿದ್ದರೆ, 'ಲಿಪಿಕಾರ' ಅನ್ನೋ ಒಂದು ಪದವನ್ನ ಮಾತ್ರ ಅವನು ಖರೋಷ್ಠಿಯಲ್ಲಿ ಬರೆದ. ಅದು ಗಾಂಧಾರದ ಕಡೆ, ವಾಯವ್ಯದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯೋ ಲಿಪಿ. ಆ ಒಂದು ಪದದಿಂದ ಅವನು ಅಷ್ಟು ದೂರದಿಂದ ಬಂದವನೋ, ಅಲ್ಲಿ ಕೆಲಸ ಮಾಡಿದವನೋ ಇರಬೇಕು ಅಂತ ಊಹಿಸ್ತಾರೆ. ರಾಜನ ಸಂದೇಶಕ್ಕೆ ಆ ಪದ ಬೇಕಾಗಿರಲಿಲ್ಲ. ಯಾರಾದರೂ "ಮುಖ್ಯ ವಿಷಯ ಮೇಲೇ ಮುಗೀತಲ್ಲ" ಅಂತ ಕೊನೆಯ ಸಾಲು ಬಿಟ್ಟು ನಕಲು ಮಾಡಿಕೊಂಡಿದ್ದರೆ ಉಪದೇಶಕ್ಕೆ ಏನೂ ಕೊರತೆ ಆಗ್ತಿರಲಿಲ್ಲ. ಆ ಕೆಲಸಗಾರ ಮಾತ್ರ ಇಲ್ಲವಾಗುತ್ತಿದ್ದ.

ಈ ವಿಷಯ ಹೇಳಿದಾಗ ಗೆಳೆಯನೊಬ್ಬ ಇನ್ನೊಂದು ಸಲಹೆ ಕೊಟ್ಟ. "ಹಾಗಾದ್ರೆ ಬಲಗಡೆ ಅರ್ಧ ಹಾಕು ಮಾರಾಯ. ಬರಡು ಹೊಲ, ತಲೆ ಬಗ್ಗಿಸಿದ ರೈತ. ಅದು ನಿಜವಾದ ಫೋಟೋ." ಒಂದು ಕ್ಷಣ ಹೌದು ಅನ್ನಿಸಿತು. ಆಮೇಲೆ ಅಲ್ಲ ಅನ್ನಿಸಿತು. ಅಪ್ಪನ ನೋವನ್ನ ಅವನನ್ನ ಕೇಳದೆ 'ರೈತ' ಅಂತ ಹೆಸರಿಟ್ಟು ಊರಿಗೆಲ್ಲ ತೋರಿಸೋದು ಇನ್ನೊಂದು ಥರದ ಕ್ರಾಪು. ಅದರಲ್ಲಿ ಹೂವು ಆಚೆ ಹೋಗುತ್ತೆ, ಜೊತೆಗೆ ಆವತ್ತು ಬೆಳಗ್ಗೆ ನನ್ನ ಕ್ಯಾಮೆರಾ ನೋಡಿ "ಹೂವಿಗೆ ಉಸಿರು ಕಟ್ಟುತ್ತೆ, ಸ್ವಲ್ಪ ಹಿಂದೆ ಸರಿ" ಅಂತ ತಮಾಷೆ ಮಾಡಿದ ಅಪ್ಪನೂ ಆಚೆ ಹೋಗ್ತಾನೆ. ಮರ್ಯಾದೆಗೋಸ್ಕರ ಕೆಲವನ್ನ ಹೊರಗಿಡಲೇಬೇಕು. ಹಾಗಾಗಿ "ಕ್ರಾಪ್ ಮಾಡಲೇಬಾರದು" ಅನ್ನೋ ನಿಯಮ ನನ್ನ ಕೈಗೆ ಬರಲಿಲ್ಲ.

ಕೊನೆಗೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು ಮನೆ ಜಗಲಿ ಮೇಲೆ ಕೂತಿದ್ದ ಅಪ್ಪನಿಗೇ ಲ್ಯಾಪ್‌ಟಾಪ್ ತೋರಿಸಿದೆ. ಲೈಟ್‌ರೂಮಿನಲ್ಲಿ ಕ್ರಾಪ್ ಅಂದ್ರೆ ಅಳಿಸೋದಲ್ಲ, ಮುಚ್ಚೋದು. ಆರ್ ಕೀ ಒತ್ತಿದರೆ ಮುಚ್ಚಿದ ಭಾಗ ಮತ್ತೆ ಕಾಣುತ್ತೆ. ಒತ್ತಿದೆ. ಹೂವಿನ ಪಕ್ಕದಲ್ಲಿ ಅಪ್ಪ ಬಂದ. ಆಗಲೇ ಅವನು "ಹೂವಿಗೂ ಕ್ರಾಪಾ?" ಅಂತ ನಕ್ಕಿದ್ದು. ನಾನು ಎಲ್ಲ ಹೇಳಿದೆ.

ಅಪ್ಪ ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ. "ಹೂವಿನ ಫೋಟೋದಾಗೆ ನಾನ್ಯಾಕಪ್ಪ? ತೆಗೆದಿದ್ದು ಒಳ್ಳೇದೇ ಆತು." ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದ. "ಆದ್ರೆ ಕಂಡಿತ್ತು ಅಂತೀಯಲ್ಲ. ಅವತ್ತೇ ಒಂದು ಫೋನ್ ಮಾಡಿ ಯಾಕೆ ಕೇಳ್ಲಿಲ್ಲ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ನೀನೂ ನನ್ನಿಂದ ಮುಚ್ಚಿಟ್ಟೆಯಲ್ಲ ಅಂತ ಅನ್ನಬಹುದಿತ್ತು. ಆದರೆ ಅವನು ಮುಚ್ಚಿಟ್ಟಿದ್ದು ನನಗೆ ಕಷ್ಟ ಆಗಬಾರದು ಅಂತ. ನಾನು ಮುಚ್ಚಿದ್ದು ಫೋಟೋ ಚೆನ್ನಾಗಿರಲಿ ಅಂತ.

ಅಪ್ಪ ಎರಡನ್ನೂ ಬೇರೆ ಮಾಡಿಬಿಟ್ಟ. ಚಿತ್ರದಿಂದ ಹೊರಗಿಡೋದು ಒಂದು, ಗಮನದಿಂದ ಹೊರಗಿಡೋದು ಇನ್ನೊಂದು. ಮೊದಲನೆಯದಕ್ಕೆ ಅವನ ಒಪ್ಪಿಗೆ ಇದೆ. ಎರಡನೆಯದಕ್ಕೆ ಇಲ್ಲ. ನನ್ನ ತಪ್ಪು ಕತ್ತರಿ ಹಾಕಿದ್ದರಲ್ಲಿ ಇರಲಿಲ್ಲ. ಮಂಡಿ ಹಿಡಿದು ಕೂತ ಮನುಷ್ಯನನ್ನ ನೋಡಿ, ಅವನಿಗೆ 'ಡಿಸ್ಟ್ರಾಕ್ಷನ್' ಅಂತ ಹೆಸರಿಟ್ಟು, ಅಲ್ಲಿಗೆ ನೋಡೋದನ್ನ ನಿಲ್ಲಿಸಿದ್ದರಲ್ಲಿ ಇತ್ತು.

ಈಗಲೂ ಕ್ರಾಪ್ ಮಾಡ್ತೀನಿ. ಆದರೆ ಅದಕ್ಕೆ ಮುಂಚೆ ಚೌಕಟ್ಟಿನ ನಾಲ್ಕೂ ಅಂಚು ಸುತ್ತಿ, ಅಲ್ಲಿರೋದಕ್ಕೆಲ್ಲ ಅದರದರ ಹೆಸರು ಹೇಳಿಕೊಳ್ತೀನಿ. ಇದು ಜಾಲಿ. ಇದು ಕವರು. ಇದು ಪಕ್ಕದ ಹೊಲದ ಅಜ್ಜಿ, ಯಾಕೆ ನಿಂತಿದ್ದಾಳೆ? ಆಮೇಲೆ ಬೇಕಿದ್ದರೆ ಕತ್ತರಿ. ಹೀಗೆ ಮಾಡೋದರಿಂದ ಫೋಟೋ ಚೆನ್ನಾಗಿ ಬರುತ್ತೆ ಅಂತೇನಿಲ್ಲ.

ಆ ಹೂವಿನ ಫೋಟೋ ಇನ್ನೂ ಹಾಗೇ ಇದೆ. ಅಡಿಬರಹ ಮಾತ್ರ ತಿದ್ದಿದೆ: "ತಂಗಡಿ ಹೂವು, ಬ್ರಹ್ಮಗಿರಿ ಹತ್ತಿರ." ಪೂರ್ತಿ ಫೋಟೋನ ಪ್ರಿಂಟ್ ಹಾಕಿಸಿ ಊರಿಗೆ ಕಳಿಸಿದೆ. ಅವ್ವ ಅದನ್ನ ಗೋಡೆಗೆ ಹಾಕಿದ್ದಾಳೆ. ಬಂದವರಿಗೆಲ್ಲ ಮೊದಲು ತೋರಿಸೋದು ಹೂವನ್ನೇ ಅಂತೆ.