ಅಚ್ಚಾದ ಕರಾರು

ಸಣ್ಣ ಪ್ರಕಾಶನ ನಡೆಸುವ ಗೆಳೆಯನೊಬ್ಬ ಎಲ್ಲ ಲೇಖಕರಿಗೂ ಒಂದೇ ಅಚ್ಚಾದ ಕರಾರು ಕೊಡುತ್ತಾನೆ. ಒಬ್ಬೊಬ್ಬರೊಡನೆ ಕೂತು ಷರತ್ತು ಮಾತಾಡಿದರೆ ಜೋರು ಬಾಯಿಯವರಿಗೆ ಹೆಚ್ಚು, ಸಂಕೋಚದವರಿಗೆ ಕಡಿಮೆ ಸಿಗುತ್ತದೆ ಎಂಬುದು ಅವನ ವಾದ. ಒಪ್ಪಬೇಕಾದ ಮಾತೇ (ನಾನೂ ಸಂಕೋಚದವನೇ). ಆದರೆ ಎಲ್ಲರಿಗೂ ಒಂದೇ ಎಂದಮಾತ್ರಕ್ಕೆ ಅದು ನ್ಯಾಯವಾಗುತ್ತದೆಯೇ?

ಸರ್ಕಾರಿ ಜಲಸಾರಿಗೆ ನಿಗಮವೊಂದು ಕಾಯಂ ನೌಕರರನ್ನು ಕಾರಣ ಹೇಳದೆ, ಮೂರು ತಿಂಗಳ ನೋಟಿಸು ಕೊಟ್ಟು ತೆಗೆಯಬಹುದಿತ್ತು. ಆ ನಿಯಮವೂ ಎಲ್ಲರಿಗೂ ಒಂದೇ. 1986ರಲ್ಲಿ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುವೆಂದಿತು. ಬೇರೆ ದಾರಿಯಿಲ್ಲದೆ ಒಪ್ಪಿದ್ದನ್ನು ಒಪ್ಪಿಗೆ ಎನ್ನುವುದು ಹೇಗೆ? ಇಬ್ಬರೂ ವ್ಯಾಪಾರಿಗಳಾಗಿ ಮಾಡಿಕೊಂಡ ವ್ಯವಹಾರದ ಒಪ್ಪಂದಕ್ಕೆ ಈ ತತ್ವ ಅನ್ವಯಿಸದಿರಬಹುದು ಎಂದೂ ಕೋರ್ಟು ಹೇಳಿತು.

ಮೊದಲ ಹಸ್ತಪ್ರತಿ ಹಿಡಿದು ಬಂದ ಹುಡುಗಿ ನಿನಗೆ ಸರಿಸಮಳೇನೋ ಎಂದು ಗೆಳೆಯನನ್ನು ಕೇಳಿದೆ. ಅನುವಾದದ ಹಕ್ಕಿನ ಷರತ್ತಿನ ಕೆಳಗೆ ಎರಡು ಗೆರೆ ಖಾಲಿ ಬಿಟ್ಟು ಅವನೀಗ ಹೊಸ ಕರಾರು ಅಚ್ಚುಹಾಕಿಸಿದ್ದಾನೆ. ಅಲ್ಲಿ ಇದುವರೆಗೂ ಯಾರೂ ಏನೂ ಬರೆದಿಲ್ಲವಂತೆ.