ಕ್ಷಮಿಸುವ ಕೋಲು

"ಒಂದು ಒಳ್ಳೆ ಡ್ರೈವರ್ ಹುಡುಕ್ತಿದ್ದೀನಿ" ಎಂದು ಭಾವ ಊಟದ ನಡುವೆ ಹೇಳಿದಾಗ ಅಮ್ಮ ತಕ್ಷಣ ಹಿಂದಿನ ಬೀದಿಯ ಒಬ್ಬರ ಹೆಸರು ಹೇಳಿದರು. "ಕುಡಿಯಲ್ಲ, ನಿಧಾನಕ್ಕೆ ಓಡಿಸ್ತಾರೆ." ಅಕ್ಕ ನಕ್ಕು ಸುಸ್ತಾದ ಮೇಲೆ ವಿವರಿಸಿದಳು. ಭಾವ ಹುಡುಕುತ್ತಿದ್ದದ್ದು ಗಾಲ್ಫ್ ಆಡುವ ಡ್ರೈವರನ್ನು. ಟೀ ಎಂಬ ಪುಟ್ಟ ಮೊಳೆಯ ಮೇಲೆ ಚೆಂಡು ಕೂರಿಸಿ ಮೊದಲ ದೊಡ್ಡ ಹೊಡೆತ ಹೊಡೆಯುವ ಕೋಲು ಅದು. ಆಟಗಾರರ ಚೀಲದಲ್ಲಿ ಹೆಚ್ಚೆಂದರೆ ಹದಿನಾಲ್ಕು ಕೋಲುಗಳಿರಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದದ್ದು, ಎಲ್ಲಕ್ಕಿಂತ ದಪ್ಪ ತಲೆಯದು ಇದೇ.

ಬೆಂಗಳೂರಿನಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದೆ. ಅದರ ಬಗ್ಗೆ ನನಗಿದ್ದ ತಿಳಿವಳಿಕೆ ಮಾತ್ರ ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಬೇಲಿಯಾಚೆ ಕಾಣುವ ಹಸಿರಿನಷ್ಟೇ. ಆದರೂ ಭಾನುವಾರ ಭಾವನ ಜೊತೆ ಅಂಗಡಿಗೆ ಹೋದೆ. ನಿಜ ಹೇಳಬೇಕೆಂದರೆ ಪ್ರಬಂಧದ ನಾಲ್ಕನೇ ಅಧ್ಯಾಯ ಮುಂದೆ ಸಾಗುತ್ತಿರಲಿಲ್ಲ, ಮನೆಯಿಂದ ಹೊರಬೀಳಲು ನೆಪ ಬೇಕಿತ್ತು.

ಅಂಗಡಿಯ ಒಳಗೆ ಒಂದು ಕೋಣೆ, ಎದುರಿಗೆ ಪರದೆ, ಪಕ್ಕದಲ್ಲಿ ಚೆಂಡಿನ ವೇಗ, ಕೋನ, ತಿರುಗು ಎಲ್ಲವನ್ನೂ ಅಳೆಯುವ ಯಂತ್ರ. ಭಾವ ಐದಾರು ಸಲ ಬೀಸಿದರು. ಪರದೆಯ ಮೇಲಿನ ಚೆಂಡು ಪ್ರತಿಸಲವೂ ನೇರ ಹೊರಟು ಬಲಕ್ಕೆ ಬಾಗಿ ಮರಗಳೊಳಗೆ ಹೋಯಿತು. ಅದಕ್ಕೆ ಸ್ಲೈಸ್ ಎನ್ನುತ್ತಾರಂತೆ. ಅಂಗಡಿಯ ಹುಡುಗ ಬೇರೊಂದು ಕೋಲು ತಂದುಕೊಟ್ಟು ಹೇಳಿದ: "ಇದು ತಗೊಳ್ಳಿ ಸರ್. ತುಂಬಾ ಫರ್ಗಿವಿಂಗ್."

ನಾನು ಕೂತಲ್ಲಿಂದ ತಲೆಯೆತ್ತಿದೆ. ನನ್ನ ನಾಲ್ಕನೇ ಅಧ್ಯಾಯದ ವಿಷಯ ಕ್ಷಮೆ.

ಆಮೇಲೆ ಓದಿ ತಿಳಿದುಕೊಂಡೆ, ಅದು ಹುಡುಗನ ಚಮತ್ಕಾರದ ಮಾತಲ್ಲ, ಆ ಲೋಕದ ದಿನಬಳಕೆಯ ಶಬ್ದ. ಮೊದಲು ಡ್ರೈವರಿನ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಿಂದ ಮಾಡುತ್ತಿದ್ದರು. ನಮ್ಮ ಬೀಡಿ ಎಲೆಯ ಮರದ ಬಳಗದ್ದೇ ಅದು. ತಲೆ ಚಿಕ್ಕದು, ಚೆಂಡು ತಾಗಬೇಕಾದ ಜಾಗ ಇನ್ನೂ ಚಿಕ್ಕದು. ಅರ್ಧ ಇಂಚು ಆಚೀಚೆಯಾದರೆ ಕೈಗೆ ಝುಂ ಎಂದು ಏಟು ಬೀಳುತ್ತಿತ್ತು, ಚೆಂಡು ಎಲ್ಲೋ ಹೋಗುತ್ತಿತ್ತು. 1979ರಲ್ಲಿ ಟೇಲರ್‌ಮೇಡ್ ಕಂಪನಿ ಉಕ್ಕಿನ ಟೊಳ್ಳು ತಲೆಯ ಡ್ರೈವರ್ ಮಾರುಕಟ್ಟೆಗೆ ತಂದಿತು. 1991ರಲ್ಲಿ ಕ್ಯಾಲವೇ ಇನ್ನೂ ದೊಡ್ಡ ತಲೆಯದನ್ನು ತಂದು, ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರಿಟ್ಟಿತು: ಬಿಗ್ ಬರ್ತಾ. ಮುಂದೆ ಟೈಟಾನಿಯಂ ಬಂತು.

ತಲೆ ಟೊಳ್ಳಾದರೆ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಸರಿಸಬಹುದು. ಕಾವಡಿಯ ಎರಡೂ ತುದಿಗೆ ಭಾರ ಕಟ್ಟಿ ಹೆಗಲ ಮೇಲಿಟ್ಟುಕೊಂಡವರನ್ನು ಗಕ್ಕನೆ ತಿರುಗಿಸಲು ಹೋಗಿ ನೋಡಿ, ಗುಟ್ಟು ತಿಳಿಯುತ್ತದೆ. ಭಾರ ಅಂಚಿನಲ್ಲಿದ್ದಷ್ಟೂ ವಸ್ತು ತಿರುಚಿಕೊಳ್ಳಲು ಒಪ್ಪುವುದಿಲ್ಲ. ಚೆಂಡು ಕೋಲಿನ ಮುಖದ ನಡುವೆ ತಾಗದೆ ಅಂಚಿಗೆ ತಾಗಿದರೂ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ, ದೂರ ಹೆಚ್ಚು ಕಡಿಮೆಯಾಗುವುದಿಲ್ಲ. ಅಲ್ಲದೆ ಡ್ರೈವರಿನ ಮುಖ ಚಪ್ಪಟೆಯಲ್ಲ, ಕೊಂಚ ಉಬ್ಬು. ಬಲಗೈ ಆಟಗಾರ ಆಚೆ ತುದಿಗೆ ತಾಗಿಸಿದರೆ ಚೆಂಡು ಬಲಕ್ಕೆ ಹೊರಡುತ್ತದೆ, ಆದರೆ ತಿರುಚಿದ ತಲೆ ಅದಕ್ಕೆ ಕೊಟ್ಟ ತಿರುಗಿನಿಂದ ಎಡಕ್ಕೆ ಬಾಗಿ ದಾರಿಗೆ ಮರಳುತ್ತದೆ. ತಪ್ಪು ನಡೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ರೂಪಿಸಿದ ಮುಖ ಅದು. ನನಗೆ ಕೆಲವು ಅಜ್ಜಿಯರ ನೆನಪಾಯಿತು.

ಇಂಗ್ಲಿಷಿನವರು ಇದಕ್ಕೆ ಕ್ಷಮೆಯ ಶಬ್ದವನ್ನೇಕೆ ಬಳಸಿದರೋ, ಕನ್ನಡದಲ್ಲಿ ಅದಕ್ಕಿಂತ ಸರಿಯಾದ ಮಾತಿದೆ: ಹೊಟ್ಟೆಗೆ ಹಾಕಿಕೊಳ್ಳುವುದು. "ಮಗು ತಪ್ಪು ಮಾಡಿದೆ, ಹೊಟ್ಟೆಗೆ ಹಾಕ್ಕೊಳ್ಳಿ." ತಪ್ಪಿನ ಏಟು ಎಲ್ಲಿಯೂ ಮಾಯವಾಗುವುದಿಲ್ಲ, ಒಬ್ಬರು ಅದನ್ನು ತಮ್ಮೊಳಗೆ ಇಳಿಸಿಕೊಳ್ಳುತ್ತಾರೆ. ಈ ಟೊಳ್ಳು ಟೈಟಾನಿಯಂ ಹೊಟ್ಟೆ ಮಾಡುವುದು ಅಕ್ಷರಶಃ ಅದನ್ನೇ.

ಹಾಗಾದರೆ ಹೆಚ್ಚು ಕ್ಷಮಿಸಿದಷ್ಟೂ ಒಳ್ಳೆಯದೇ? ಇಲ್ಲ ಎಂದು ಗಾಲ್ಫ್ ನಿರ್ಧರಿಸಿದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಆ್ಯಂಡ್ ಎ ಈ ಆಟದ ನಿಯಮ ಬರೆಯುವವರು. 2004ರಲ್ಲಿ ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು ಎಂದಾಯಿತು. 2006ರಲ್ಲಿ ತಿರುಚುವಿಕೆಗೆ ತಲೆ ಒಡ್ಡುವ ಜಡತೆಗೇ 5,900 ಎಂಬ ಗಡಿ ಬಂತು (ಅಳತೆ ಗ್ರಾಂ-ಚದರ ಸೆಂಟಿಮೀಟರಿನಲ್ಲಿ). ಅಂದರೆ ಒಂದು ಕೋಲು ಎಷ್ಟು ಕ್ಷಮಿಸಬಹುದು ಎಂಬುದಕ್ಕೆ ಸಂಖ್ಯೆಯಲ್ಲಿ ಮಿತಿ. ಇದಕ್ಕಿಂತ ಹೆಚ್ಚು ಕ್ಷಮಿಸಿದರೆ ಆಡಿದ್ದು ಮನುಷ್ಯನೋ ಕೋಲೋ ಎಂಬ ಅನುಮಾನ ಬರುತ್ತದೆ ಎಂಬ ಭಯವಿರಬೇಕು. ಕ್ಷಮೆಯ ಬಗ್ಗೆ ಬರೆದ ಬಿಷಪ್ ಜೋಸೆಫ್ ಬಟ್ಲರನ 1726ರ ಉಪದೇಶಗಳನ್ನು ಎರಡು ವರ್ಷದಿಂದ ಓದುತ್ತಿದ್ದೇನೆ. ಸಿಟ್ಟೂ ಮನುಷ್ಯನಿಗೆ ಬೇಕಾದದ್ದೇ, ಅನ್ಯಾಯವನ್ನು ಅನ್ಯಾಯವೆಂದು ಗುರುತಿಸುವುದು ಅದೇ, ಅದು ಅತಿಯಾಗದಂತೆ ನೋಡಿಕೊಳ್ಳುವುದೇ ಕ್ಷಮೆ ಎಂಬ ಧಾಟಿ ಅವನದು. ಗಡಿ ಎಳೆಯುವ ಕಷ್ಟ ಅವನಿಗೂ ಇತ್ತು. ಆದರೆ ಸಂಖ್ಯೆ ಕೊಟ್ಟು ಪಾರಾಗುವ ಸೌಕರ್ಯ ಇರಲಿಲ್ಲ.

ಅಂಗಡಿಗೆ ಮರಳುತ್ತೇನೆ. ಕ್ಷಮಿಸುವ ಕೋಲಿನಿಂದಲೂ ಭಾವನ ಚೆಂಡು ಬಲಕ್ಕೇ ಬಾಗಿತು, ಸ್ವಲ್ಪ ಕಡಿಮೆ. ಹುಡುಗ ತಾಳ್ಮೆಯಿಂದ ಹೇಳಿದ: "ಸರ್, ಚೆಂಡು ಮುಖದ ಮೇಲೆ ಎಲ್ಲಿ ತಾಗುತ್ತೆ ಅನ್ನೋ ತಪ್ಪನ್ನ ಇದು ನೋಡ್ಕೊಳ್ಳುತ್ತೆ. ತಾಗುವಾಗ ಮುಖ ಯಾವ ಕಡೆ ತಿರುಗಿದೆ ಅನ್ನೋದನ್ನ ಏನೂ ಮಾಡಕ್ಕಾಗಲ್ಲ." ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮುಖದ ದಿಕ್ಕು. ಕೋಲು ಬೀಸಿದ ದಾರಿಗೂ ಅದಕ್ಕೂ ಹೊಂದಿಕೆ ತಪ್ಪಿದಾಗ ಚೆಂಡು ಬಾಗುತ್ತದೆ. ಒಳಬದಿಗೆ ಭಾರವಿಟ್ಟು ಮುಖ ಬೇಗ ಮುಚ್ಚಿಕೊಳ್ಳುವಂತೆ ಮಾಡಿದ ಕೋಲುಗಳಿವೆ, ಅವು ಒಂದಿಷ್ಟು ಸಹಾಯ ಮಾಡುತ್ತವೆ. ಆದರೆ ಅದು ಕ್ಷಮೆಯಲ್ಲ, ಎದುರು ದಿಕ್ಕಿನ ಇನ್ನೊಂದು ತಪ್ಪನ್ನು ಮೊದಲೇ ಕಟ್ಟಿಕೊಟ್ಟಿರುವುದು.

ಎಡವಿದ್ದು ಬೇರೆ, ಮುಖ ತಿರುಗಿಸಿದ್ದು ಬೇರೆ. ನನ್ನ ಅಧ್ಯಾಯದಲ್ಲಿ ಹನ್ನೆರಡು ಪುಟ ತಿಣುಕಿದ ವ್ಯತ್ಯಾಸ ಇದು.

ಭಾವನಿಗೆ ಬೇಕಿದ್ದದ್ದು ದೂರ. ಪ್ರತಿಯೊಬ್ಬ ಗಂಡಸಿಗೂ ಬೇಕಿರುವುದು ಅದೇ ಎಂದು ಹುಡುಗನ ಮುಖ ಹೇಳುತ್ತಿತ್ತು. ನಿಧಾನ ಬೀಸುವವರಿಗೆ ಮುಖ ಹೆಚ್ಚು ಓರೆಯಿರುವ, ಹನ್ನೊಂದು ಹನ್ನೆರಡು ಡಿಗ್ರಿಯ ಕೋಲು ಚೆಂಡನ್ನು ಗಾಳಿಯಲ್ಲಿ ಹೆಚ್ಚು ಹೊತ್ತು ಇಡುತ್ತದೆ, ಅದರಿಂದಲೇ ದೂರ. ಆದರೂ ಒಂಬತ್ತು ಡಿಗ್ರಿಯದೇ ಬೇಕೆಂದು ಹಟ ಮಾಡುವವರು ಬಹಳ, ಏಕೆಂದರೆ ಟಿವಿಯಲ್ಲಿ ಕಾಣುವವರದು ಅದು. ಕೋಲು ಉದ್ದವಾದರೆ ವೇಗ ಹೆಚ್ಚು, ಆದರೆ ನಡುವಿಗೆ ತಾಗಿಸುವುದು ಕಷ್ಟ. (2022ರಿಂದ ದೊಡ್ಡ ವೃತ್ತಿಪರ ಸರಣಿಗಳಲ್ಲಿ 46 ಇಂಚಿಗಿಂತ ಉದ್ದದ್ದನ್ನು ಬಳಸುವಂತಿಲ್ಲ.) ಇದರ ಹಿಂದೆ ಸುಲಭದ ಲೆಕ್ಕ ಇದೆ. ದಿಕ್ಕು ಐದು ಡಿಗ್ರಿ ತಪ್ಪಿದರೆ 200 ಗಜ ಹೋಗುವ ಚೆಂಡು ಹದಿನೇಳೂವರೆ ಗಜ ಪಕ್ಕಕ್ಕೆ ಬೀಳುತ್ತದೆ. ಅದೇ ಐದು ಡಿಗ್ರಿಗೆ 260 ಗಜದ ಚೆಂಡು ಸುಮಾರು ಇಪ್ಪತ್ಮೂರು ಗಜ ಪಕ್ಕಕ್ಕೆ. ತಪ್ಪು ಬೆಳೆಯಲಿಲ್ಲ, ಬಲ ಬೆಳೆಯಿತು.

ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡಿದ್ದನ್ನು ನಾನು ಆಗ ನೋಡಿರಲಿಲ್ಲ, ಈಚೆಗೆ ನೋಡಿದೆ. ಜೊತೆಯವರಿಗಿಂತ ಅವರ ಮೊದಲ ಹೊಡೆತ ಬಹಳ ಹಿಂದೆ ಬೀಳುತ್ತಿತ್ತು. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು ಇನ್ನಷ್ಟು ದೂರ ಕಳೆದುಕೊಂಡಿದ್ದರು. ಬೇರೆಯವರು ಚಿಕ್ಕ ಕೋಲಿನಿಂದ ಹೊಡೆಯುವ ಎರಡನೇ ಹೊಡೆತವನ್ನು ಇವರು ಉದ್ದ ಕೋಲಿನಿಂದ ಹೊಡೆಯಬೇಕಿತ್ತು. ಕೊನೆಗೆ ನಾಲ್ಕನೇ ಸ್ಥಾನ, ಕಂಚಿಗೆ ಒಂದೇ ಹೊಡೆತ ಕಡಿಮೆ. ಇದನ್ನು ಭಾವನಿಗೆ ಹೇಳಿದೆ. "ಅವರು ಅದಿತಿ ಕಣೇ" ಎಂದರು. ಅದಕ್ಕೆ ಉತ್ತರವಿರಲಿಲ್ಲ.

ಈಗ ನಾನು ಹೇಳಲು ಹಿಂಜರಿಯುತ್ತಿರುವ ವಿಷಯಕ್ಕೆ ಬರಬೇಕು.

ಮೂರು ವರ್ಷದ ಹಿಂದೆ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಕೊನೆಯ ವರ್ಷದ ಒಬ್ಬ ಹುಡುಗ ಕೊಟ್ಟ ಅಸೈನ್‌ಮೆಂಟ್ ಪೂರ್ತಿ ಇಂಟರ್ನೆಟ್ಟಿನಿಂದ ಎತ್ತಿದ್ದು. ಎರಡನೇ ಪ್ಯಾರಾದಲ್ಲೇ ಗೊತ್ತಾಯಿತು. ಅವನು ರಾತ್ರಿ ಊಟದ ಡೆಲಿವರಿ ಕೆಲಸ ಮಾಡಿ ಬೆಳಿಗ್ಗೆ ಕ್ಲಾಸಿಗೆ ಬರುತ್ತಿದ್ದದ್ದೂ ಗೊತ್ತಿತ್ತು. ಹತ್ತಕ್ಕೆ ಆರು ಕೊಟ್ಟೆ. ಏನೂ ಹೇಳಲಿಲ್ಲ. ಅದನ್ನು ನಾನು ಕರುಣೆ ಎಂದುಕೊಂಡಿದ್ದೆ, ಕೆಲವು ದಿನ ನನ್ನ ಬಗ್ಗೆ ನನಗೇ ಮೆಚ್ಚುಗೆಯೂ ಇತ್ತು. ಕಳೆದ ವರ್ಷ ಅವನು ಎಂಎ ಕಿರುಪ್ರಬಂಧದಲ್ಲಿ ಅದನ್ನೇ ಮಾಡಿ, ಸಮಿತಿಯ ಮುಂದೆ ಸಹಪಾಠಿಗಳ ಎದುರಿಗೇ ಸಿಕ್ಕಿಬಿದ್ದ. ಆ ಸಂಜೆ ನನಗೆ ಫೋನ್ ಮಾಡಿದ. ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಒಂದೇ ಪ್ರಶ್ನೆ: "ಮೇಡಂ, ಆಗ ನನ್ನ ಅಸೈನ್‌ಮೆಂಟ್ ಓದಿದ್ರಾ?"

"ನೆನಪಿಲ್ಲಪ್ಪ" ಎಂದೆ.

ಅಂದಿನಿಂದ ಅಧ್ಯಾಯ ನಿಂತಿದೆ. ಹಿತವಾಗಿ ಕ್ಷಮಿಸಿದ್ದು ತಪ್ಪಾಯಿತೇ? ಹಾಗೆ ಹೇಳುವ ಕಟ್ಟುನಿಟ್ಟಿನವರು ಗಾಲ್ಫಿನಲ್ಲೂ ಇದ್ದಾರೆ. ಹಳೆಯ ಮರದ ಕೋಲೇ ಗುರು, ಕೈಗೆ ಬೀಳುವ ಏಟೇ ಪಾಠ, ಹೊಸ ಕೋಲುಗಳು ಸೋಮಾರಿಗಳನ್ನು ಬೆಳೆಸುತ್ತವೆ ಎನ್ನುವವರು. ಆ ವಾದ ನನಗೆ ಹಿಡಿಸುವುದಿಲ್ಲ. ಏಟಿನಿಂದ ಕಲಿತವರಿಗಿಂತ ಏಟು ತಿಂದು ಆಟವನ್ನೇ ಬಿಟ್ಟವರು ಹೆಚ್ಚಿರಬೇಕು, ಅವರು ಬಂದು ವಾದ ಮಾಡುವುದಿಲ್ಲ ಅಷ್ಟೇ. ಆ ಹುಡುಗನನ್ನು ಅಂದು ನಪಾಸು ಮಾಡಿದ್ದರೆ ಅವನು ಎಂಎವರೆಗೆ ಬರುತ್ತಲೇ ಇರಲಿಲ್ಲವೇನೋ.

ಉತ್ತರದ ಒಂದು ತುಂಡು ಸಿಕ್ಕಿದ್ದು ಅಂಗಡಿಯಲ್ಲೇ. ಹುಡುಗ ಒಂದು ಸ್ಪ್ರೇ ಡಬ್ಬಿ ತಂದ. ಬೆವರುವ ಕಾಲಿಗೆ ಹಾಕಿಕೊಳ್ಳುವ ಪೌಡರ್. ಅದನ್ನು ಕೋಲಿನ ಮುಖದ ಮೇಲೆ ತೆಳುವಾಗಿ ಚಿಮುಕಿಸಿ, "ಈಗ ಹೊಡೀರಿ ಸರ್" ಎಂದ. ಚೆಂಡು ತಾಗಿದ ಕಡೆ ಬಿಳಿಯ ಮೇಲೆ ದುಂಡಗೆ ಗುರುತು ಬಿತ್ತು, ಕೋಲು ಸೇರುವ ಒಳಬದಿಗೆ ತೀರಾ ಹತ್ತಿರ. ಪರದೆಯ ಮೇಲೆ ಆ ಹೊಡೆತ ಪರವಾಗಿಲ್ಲ ಎನ್ನುವ ಹಾಗೇ ಕಂಡಿತ್ತು. ಭಾವ ಮುಖ ಕೋಲಿನ ಹತ್ತಿರ ತಂದು ನೋಡಿದರು. "ಇಷ್ಟು ದೂರನಾ?" ಮತ್ತೆ ಹೊಡೆದರು, ಮತ್ತೆ ನೋಡಿದರು. ಯಾರೂ ಬೈಯಲಿಲ್ಲ, ಕೈಗೆ ಏಟೂ ಬೀಳಲಿಲ್ಲ. ಅರ್ಧ ಗಂಟೆಯಲ್ಲಿ ಗುರುತು ಎರಡು ಬೆರಳಿನಷ್ಟು ನಡುವಿಗೆ ಸರಿದಿತ್ತು.

ನಾನು ಆ ಹುಡುಗನಿಗೆ ಆರು ಅಂಕ ಕೊಟ್ಟಿದ್ದೆ. ಪೌಡರ್ ಹಾಕಿರಲಿಲ್ಲ. ಹೊಟ್ಟೆಗೆ ಹಾಕಿಕೊಂಡೆ ಎಂದುಕೊಂಡಿದ್ದೆ, ಆದರೆ ನನ್ನ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಅವನನ್ನು ಕರೆದು ಎದುರು ಕೂರಿಸಿಕೊಂಡು ಹೇಳುವ ಆ ಹತ್ತು ನಿಮಿಷದ ಮುಜುಗರವನ್ನು ತಪ್ಪಿಸಿಕೊಂಡಿದ್ದೆ. ಸಾಲ ಮನ್ನಾ ಮಾಡಿದವಳ ಗತ್ತು, ಲೆಕ್ಕದ ಪುಸ್ತಕ ತೆರೆಯಲೂ ಸೋಮಾರಿತನ.

ಇನ್ನೊಂದು ಪ್ರಸಂಗ ಬರೆಯದಿದ್ದರೆ ಮೇಲಿನದು ಅತಿ ಸರಳವಾಗುತ್ತದೆ. ಡ್ರೈವರಿನ ಮುಖ ಎಷ್ಟು ಚಿಮ್ಮಬಹುದು ಎಂಬುದಕ್ಕೂ ಮಿತಿ ಇದೆ. ಆದರೆ ಸಾವಿರಾರು ಹೊಡೆತಗಳಿಂದ ಲೋಹ ಸವೆದು ತೆಳುವಾಗಿ, ಸರಿಯಿದ್ದ ಕೋಲೇ ನಿಧಾನಕ್ಕೆ ಮಿತಿ ಮೀರುತ್ತದೆ. ಕೈಯಲ್ಲಿ ಹಿಡಿದವನಿಗೆ ಅದು ಕಾಣುವುದಿಲ್ಲ, ಯಂತ್ರಕ್ಕೆ ಒಡ್ಡಿದರೇ ಗೊತ್ತು. 2025ರ ಮೇ ತಿಂಗಳ ಪಿಜಿಎ ಚಾಂಪಿಯನ್‌ಷಿಪ್‌ಗೆ ಮುನ್ನ ರೋರಿ ಮೆಕಿಲ್‌ರಾಯ್ ಅವರ ಡ್ರೈವರ್ ಹೀಗೆ ಪರೀಕ್ಷೆಯಲ್ಲಿ ನಪಾಸಾಯಿತು. ಅದೇ ವಾರ ಸ್ಕಾಟಿ ಶೆಫ್ಲರ್ ಅವರದೂ ನಪಾಸಾಗಿತ್ತು, ಅವರು ಬೇರೆ ಕೋಲು ಹಿಡಿದು ಆಡಿ ಗೆದ್ದರು. ಇಬ್ಬರದೂ ಮೋಸವಲ್ಲ. ಈ ಫಲಿತಾಂಶ ಆಟಗಾರನಿಗೆ ಮಾತ್ರ ಗುಟ್ಟಾಗಿ ತಿಳಿಸುವಂಥದ್ದು. ಆದರೆ ಮೆಕಿಲ್‌ರಾಯ್ ಹೆಸರು ಸೋರಿ ಸುದ್ದಿಯಾಯಿತು, ಶೆಫ್ಲರ್ ಅವರದು ಗೆಲುವಿನ ದಿನದವರೆಗೂ ಹೊರಬರಲಿಲ್ಲ. ಮೆಕಿಲ್‌ರಾಯ್ ಆ ಪಂದ್ಯದ ಯಾವ ಸುತ್ತಿನ ನಂತರವೂ ಪತ್ರಕರ್ತರ ಜೊತೆ ಮಾತಾಡಲಿಲ್ಲ. ಆ ಮೌನ ನನಗೆ ಅರ್ಥವಾಗುತ್ತದೆ. ತಪ್ಪನ್ನು ತೋರಿಸಬೇಕು, ಸರಿ, ಆದರೆ ಪೌಡರಿನ ಗುರುತನ್ನು ಕೋಲು ಹಿಡಿದವನು ಬಗ್ಗಿ ನೋಡಿದರೆ ಸಾಕು. ಪರದೆಯ ಮೇಲೆ ದೊಡ್ಡದಾಗಿ ಹಾಕುವ ಅಗತ್ಯವಿಲ್ಲ. ನನ್ನ ಹುಡುಗನಿಗೆ ನಾನು ಮಾಡದ ಕೆಲಸವನ್ನು ಸಮಿತಿ ಎಲ್ಲರೆದುರು ಮಾಡಿತು.

ಭಾವ ಕೊನೆಗೆ ಹತ್ತೂವರೆ ಡಿಗ್ರಿಯ, ಕ್ಷಮಿಸುವ ಕೋಲನ್ನೇ ಕೊಂಡರು. ಬೆಲೆ ನನ್ನ ಒಂದೂವರೆ ತಿಂಗಳ ಫೆಲೋಶಿಪ್. ಜೊತೆಗೆ ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ಪೌಡರ್. ಅಕ್ಕ ಅದನ್ನು ನೋಡಿ ಕಾಲಿಗೇನಾಯ್ತು ಎಂದು ಗಾಬರಿಯಾದಳಂತೆ.

ಹೋದ ವಾರ ಹುಡುಗನಿಗೆ ಫೋನ್ ಮಾಡಿದೆ. "ಆಗ ಓದಿದ್ದೆ. ಎರಡನೇ ಪ್ಯಾರಾದಲ್ಲೇ ಗೊತ್ತಾಗಿತ್ತು" ಎಂದೆ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಬರೀ ರಸ್ತೆಯ ಹಾರ್ನ್ ಕೇಳಿಸಿತು.

"ಹಾಗಾದ್ರೆ ಯಾಕೆ ಹೇಳ್ಲಿಲ್ಲ ಮೇಡಂ?"

ಏನೇನೋ ಹೇಳಿದೆ, ಯಾವುದೂ ಸರಿಯಾಗಿ ಬರಲಿಲ್ಲ. ಸಮಿತಿ ಇನ್ನೊಂದು ಅವಕಾಶ ಕೊಟ್ಟಿದೆಯಂತೆ, ಮತ್ತೆ ಬರೆಯುತ್ತಿದ್ದಾನೆ. ಕಳಿಸು ಎಂದೆ. ಎರಡು ದಿನ ಬಿಟ್ಟು ಕಳಿಸಿದ, ನಲವತ್ತೆರಡು ಪುಟ. ಕೆಂಪು ಪೆನ್ನು ಹಿಡಿದು ಹನ್ನೊಂದನೇ ಪುಟದಲ್ಲಿದ್ದೇನೆ. ಇಲ್ಲಿಯವರೆಗೆ ವಾಕ್ಯಗಳು ಒರಟಾಗಿವೆ, ಕೆಲವು ಕಡೆ ವ್ಯಾಕರಣ ತಪ್ಪಿದೆ, ಎಲ್ಲವೂ ಅವನದೇ.