ನಿವೃತ್ತಿಯ ನಂತರದ ಹೊಗೆ

ಬೆಂಕಿ ಆರಿಸುವವನ ಸಾವು ಎಂದರೆ ನಮಗೆ ತೋಚುವುದು ಒಂದೇ ಬಗೆ: ಉರಿಯುವ ಕಟ್ಟಡ, ಒಳಗೆ ನುಗ್ಗಿದ ಆಳು, ಮೇಲಿನಿಂದ ಕುಸಿದ ತಾರಸಿ. ಅದೇ ಮನುಷ್ಯ ಅರವತ್ತು ದಾಟಿ, ಮೊಮ್ಮಕ್ಕಳನ್ನು ಕಂಡು, ಹಾಸಿಗೆಯ ಮೇಲೆ ಕೆಮ್ಮಿ ಕೆಮ್ಮಿ ತೀರಿಕೊಂಡರೆ ಅದನ್ನು ಕರ್ತವ್ಯದ ಸಾವು ಎನ್ನಲು ನಾಲಿಗೆ ತಡವರಿಸುತ್ತದೆ. ಸಮವಸ್ತ್ರ ಕಳಚಿಟ್ಟು ಎಷ್ಟೋ ವರ್ಷವಾಗಿರುತ್ತದೆ. ಬೀದಿಯವರ ಪಾಲಿಗೆ ಅವನು ಬೆಳಗ್ಗೆ ಹಾಲು ತರಲು ಹೋಗುವ ಒಬ್ಬ ಪಿಂಚಣಿದಾರ, ಅಷ್ಟೆ.

ಇಂಥ ನಿವೃತ್ತರನ್ನು ನೆನೆಯುವಾಗ ನನಗೆ ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆಯ ಒಂದು ಬ್ಯಾಂಡ್ ಕಣ್ಣ ಮುಂದೆ ಬರುತ್ತದೆ. ಇಲಾಖೆಯ ಐರಿಷ್ ಮೂಲದವರ ಸಂಘವಾದ ಎಮರಾಲ್ಡ್ ಸೊಸೈಟಿಯ 'ಪೈಪ್ಸ್ ಅಂಡ್ ಡ್ರಮ್ಸ್' ಎಂಬ ಈ ತಂಡ ಹುಟ್ಟಿದ್ದು 1962ರಲ್ಲಿ. ಇದರಲ್ಲಿ ಬ್ಯಾಗ್‌ಪೈಪ್ ಊದುವವರು, ಡ್ರಮ್ ಬಾರಿಸುವವರು ಎಲ್ಲರೂ ಬೆಂಕಿಯ ಕೆಲಸದವರೇ. ಕೆಲವರು ಇನ್ನೂ ಠಾಣೆಗೆ ಹೋಗುತ್ತಾರೆ, ಕೆಲವರು ನಿವೃತ್ತರು. ಹತ್ತೊಂಬತ್ತನೆಯ ಶತಮಾನದ ಕ್ಷಾಮ ಕಾಲದಲ್ಲಿ ಹೊಟ್ಟೆಪಾಡಿಗೆಂದು ಹಡಗು ಹತ್ತಿ ಬಂದ ಐರಿಷ್ ಜನ ಆ ನಗರದಲ್ಲಿ ಪೊಲೀಸು, ಅಗ್ನಿಶಾಮಕದಂಥ ಅಪಾಯದ ನೌಕರಿಗಳಿಗೆ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಅವರ ಹಿಂದೆಯೇ ಅವರ ವಾದ್ಯವೂ ಇಲಾಖೆಯೊಳಗೆ ಬಂತು. ನಮ್ಮ ಕಡೆ ಮದುವೆಗೆ ವಾಲಗ, ಹೆಣದ ಮುಂದೆ ತಮಟೆ. ಅಲ್ಲಿ ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆಯಲ್ಲಿ ಸಂಭ್ರಮದಿಂದ ಊದುವವರೂ, ಜೊತೆಗಾರನ ಶವಪೆಟ್ಟಿಗೆಯ ಮುಂದೆ ನಿಧಾನಕ್ಕೆ ಹೆಜ್ಜೆ ಹಾಕುವವರೂ ಒಂದೇ ಜನ, ಒಂದೇ ವಾದ್ಯ.

ಆ ವಾದ್ಯದ ಸ್ವಭಾವ ವಿಚಿತ್ರ. ವಾದಕ ಊದುವ ಗಾಳಿ ನೇರ ಕೊಳವೆಗೆ ಹೋಗದೆ ಕಂಕುಳಲ್ಲಿರುವ ಚೀಲದಲ್ಲಿ ತುಂಬಿಕೊಳ್ಳುತ್ತದೆ. ಮೊಳಕೈಯಿಂದ ಒತ್ತಿದಾಗ ಆ ಗಾಳಿ ಒಂಬತ್ತು ಸ್ವರಗಳ ಕೊಳಲಿಗೂ, ಹೆಗಲ ಮೇಲೆ ಎದ್ದು ನಿಂತ ಮೂರು ಕೊಳವೆಗಳಿಗೂ ಹರಿಯುತ್ತದೆ. ನಾಗಸ್ವರದ ಪಕ್ಕದಲ್ಲಿ ಶ್ರುತಿ ಹಿಡಿದು ನಿಲ್ಲುವ ಒತ್ತಿನಂತೆ ಈ ಮೂರೂ ಬಿಡದೆ ಮೊರೆಯುತ್ತಿರುತ್ತವೆ. ಬ್ಯಾಗ್‌ಪೈಪಿಗೆ ಪಿಸುಗುಟ್ಟಲು ಬರುವುದಿಲ್ಲ. ದನಿ ಏರಿಸಲು, ಇಳಿಸಲು ಆಗದು. ಎರಡು ಸ್ವರಗಳ ನಡುವೆ ಮೌನಕ್ಕೂ ಎಡೆಯಿಲ್ಲ. ವಾದಕ ಉಸಿರೆಳೆದುಕೊಳ್ಳುವ ಗಳಿಗೆಯಲ್ಲೂ ಹಾಡು ನಿಲ್ಲುವುದಿಲ್ಲ, ಏಕೆಂದರೆ ಅವನು ಆಗಲೇ ಊದಿಟ್ಟ ಗಾಳಿ ಚೀಲದಲ್ಲಿ ಇದ್ದೇ ಇರುತ್ತದೆ. ದುಃಖಕ್ಕೆ ಮೆಲುದನಿಯೇ ಸರಿ ಎಂದು ನಂಬಿದವರಿಗೆ ಈ ವಾದ್ಯ ಬೇರೊಂದು ಪಾಠ ಹೇಳುತ್ತದೆ: ಅಳುವುದಿದ್ದರೆ ಇಡೀ ಬೀದಿಗೆ ಕೇಳುವಂತೆ ಅಳು.

2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರದ ಗೋಪುರಗಳು ಉರುಳಿದಾಗ ಆ ಇಲಾಖೆ 343 ಮಂದಿಯನ್ನು ಕಳೆದುಕೊಂಡಿತು. ಸತ್ತವರಲ್ಲಿ ಬ್ಯಾಂಡಿನ ಡ್ರಮ್ ವಾದಕನೊಬ್ಬನೂ ಇದ್ದ. ಅಲ್ಲಿಯವರೆಗೆ ಇಡೀ ತಂಡ ಒಟ್ಟಾಗಿ ಹೋಗಿ ನುಡಿಸುವುದು ರೂಢಿ. ಈಗ ಒಂದೇ ದಿನ ಹಲವು ಚರ್ಚುಗಳಲ್ಲಿ ಅಂತ್ಯಕ್ರಿಯೆ. ತಂಡ ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು ಹೋಯಿತು. ಅವಶೇಷದ ರಾಶಿಯಲ್ಲಿ ಅಗೆದು ಬಂದವರೇ ಮೈತೊಳೆದು, ಕಿಲ್ಟ್ ಉಟ್ಟು, ಪೈಪ್ ಹೆಗಲಿಗೇರಿಸಿದರು. ದೇಹ ಸಿಗದವರಿಗೆ ಮೊದಲು ಬರೀ ಸ್ಮರಣೆಯ ಪ್ರಾರ್ಥನೆ. ತಿಂಗಳುಗಳ ಮೇಲೆ ಗುರುತು ಸಿಕ್ಕರೆ ಮತ್ತೆ ಮಣ್ಣು ಮಾಡುವ ವಿಧಿ. ಹೀಗೆ ಕೆಲವರಿಗಾಗಿ ಎರಡೆರಡು ಸಲ ಊದಬೇಕಾಯಿತು. ಮನೆ ಸೇರಿದ್ದ ನಿವೃತ್ತರು ಯಾರೂ ಕರೆಯದೆ ಹಿಂತಿರುಗಿದರು. ಅವರಲ್ಲಿ ತಮ್ಮ ಹಾಗೆಯೇ ಬೆಂಕಿಯ ಕೆಲಸಕ್ಕೆ ಸೇರಿದ ಮಗನನ್ನು ಹುಡುಕಿ ಬಂದ ತಂದೆಯರೂ ಇದ್ದರು. 2003ರ ಸೆಪ್ಟೆಂಬರಿನಲ್ಲಿ, ಎರಡು ವರ್ಷ ಕಾದರೂ ಏನೂ ಸಿಗದ ಒಂದು ಕುಟುಂಬ, ಮಗ ಹಿಂದೆ ಅಸ್ಥಿಮಜ್ಜೆ ದಾನಕ್ಕೆಂದು ಕೊಟ್ಟಿದ್ದ ರಕ್ತದ ಪುಟ್ಟ ಸೀಸೆಯನ್ನೇ ಮಣ್ಣಿಗಿಟ್ಟಿತು. ಅಲ್ಲಿಗೆ ಪಟ್ಟಿ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು.

ಮುಗಿದಿರಲಿಲ್ಲ. ಪುಡಿಯಾದ ಕಾಂಕ್ರೀಟು, ಗಾಜು, ಕಲ್ನಾರುಗಳ ಧೂಳನ್ನು ತಿಂಗಳುಗಟ್ಟಲೆ ಉಸಿರಾಡಿದವರ ಎದೆಯಲ್ಲಿ ಆ ದಿನ ಉಳಿದುಕೊಂಡಿತ್ತು. ಮೊದಲು ಬಿಡದ ಕೆಮ್ಮು, ಆಮೇಲೆ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್. ಒಬ್ಬೊಬ್ಬರಾಗಿ, ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಆಸ್ಪತ್ರೆಗಳಲ್ಲಿ ಅವರು ತೀರಿಕೊಳ್ಳುತ್ತ ಬಂದರು. ಅವರಲ್ಲಿ ಅನೇಕರು ನಿವೃತ್ತರು. 2023ರ ಸೆಪ್ಟೆಂಬರಿನಲ್ಲಿ ಹೀಗೆ ಕಾಯಿಲೆಯಿಂದ ಸತ್ತವರ ಲೆಕ್ಕವೂ 343 ಮುಟ್ಟಿತು. ಆ ಒಂದು ಬೆಳಗ್ಗೆ ಹೋದಷ್ಟೇ ಜನ ಇಪ್ಪತ್ತೆರಡು ವರ್ಷಗಳಲ್ಲಿ ಹೋಗಿದ್ದರು. ಮೊದಲ 343ನ್ನು ಲೋಕವೆಲ್ಲ ನೋಡಿತು. ಎರಡನೆಯ 343ನ್ನು ನೋಡಿದ್ದು ಹೆಂಡತಿ, ಮಕ್ಕಳು, ಠಾಣೆಯ ಹಳೆಯ ಗೆಳೆಯರು ಮತ್ತು ಆ ಬ್ಯಾಂಡ್.

ಈ ಎರಡನೆಯ ಪಟ್ಟಿಯ ಪಕ್ಕದಲ್ಲಿ ಒಬ್ಬ ನಿವೃತ್ತ ವಾದಕನನ್ನು ನಿಲ್ಲಿಸಿ ನೋಡಿದರೆ ವಿಷಯದ ಆಳ ತಿಳಿಯುತ್ತದೆ. ಹೊಗೆಯೊಳಗೆ ಹೋಗಿ ಬರುವುದಕ್ಕೂ ಪೈಪ್ ಊದುವುದಕ್ಕೂ ಅವನಿಗಿದ್ದ ಬಂಡವಾಳ ಒಂದೇ, ಎದೆಯ ಗಾಳಿ. ಒಂದು ಕೆಲಸ ಅದನ್ನು ತಿಂದಿತು, ಇನ್ನೊಂದು ಅದನ್ನೇ ಬೇಡುತ್ತದೆ. ಜೊತೆಗಾರನ ಸಾವಿಗೆ ಊದುವಾಗ ತನ್ನ ಎದೆ ಎಷ್ಟು ತಡೆಯುತ್ತಿದೆ ಎಂದು ಅವನಿಗೆ ಗೊತ್ತಾಗದೆ ಇರದು. ಆದರೂ ಸಾಲಿನಲ್ಲಿ ನಿಲ್ಲುತ್ತಾನೆ. ಇಲಾಖೆ ಅವನನ್ನು ವಯಸ್ಸು ನೋಡಿ ಬಿಡುಗಡೆ ಮಾಡಿದೆ. ಗೆಳೆಯರ ಸಾವು ಬಿಡುಗಡೆ ಮಾಡಿಲ್ಲ. ಅವನು ಊದದ ದಿನ ಬಂದಾಗ ಉಳಿದವರ ಗಾಳಿ ಹಾಡನ್ನು ಹಿಡಿದಿಡುತ್ತದೆ. ಅಂಥ ತಂಡದಲ್ಲಿ ಯಾರೂ ತಮ್ಮ ಸಾವಿಗೆ ಒಂಟಿಯಾಗಿ ಹೋಗುವುದಿಲ್ಲ ಎಂಬ ಮಾತಿಲ್ಲದ ಒಪ್ಪಂದ ಇರುತ್ತದೆಂದು ನನಗನಿಸುತ್ತದೆ.

ಈ ನಿಧಾನದ ಸಾವುಗಳೂ ಆ ದಿನದವೇ ಎಂದು ಕಾನೂನಿಗೆ ತಿಳಿಯಲು ಸಮಯ ಹಿಡಿಯಿತು. ಸಂತ್ರಸ್ತರ ಚಿಕಿತ್ಸೆಗಾಗಿ ಅಮೆರಿಕ ಕಾಯಿದೆ ಮಾಡಿದ್ದು 2011ರ ಹೊತ್ತಿಗೆ. 2015ರಲ್ಲಿ ಅದರ ಅವಧಿಯನ್ನು 2090ರವರೆಗೆ ಚಾಚಿದರು. ಒಂದು ಬೆಳಗಿನ ಬೆಂಕಿಗೆ ಸುಮಾರು ತೊಂಬತ್ತು ವರ್ಷದ ಬಾಕಿ! ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಂತೂ 2022ರಲ್ಲಿ, ಬೆಂಕಿ ಆರಿಸುವ ಕಸುಬೇ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ತೀರ್ಮಾನಿಸಿತು. ಅಂದಮೇಲೆ ಇದು ಎರಡು ಗೋಪುರಗಳ ಕಥೆಯಷ್ಟೇ ಆಗಿ ಉಳಿಯುವುದಿಲ್ಲ. ಗೋದಾಮಿಗೆ, ಗುಡಿಸಲಿಗೆ, ಟೈರಿನ ಅಂಗಡಿಗೆ ಹೊತ್ತಿದ ಬೆಂಕಿಗೆ ನೀರು ಹಾಯಿಸಿದ ಎಲ್ಲರ ಕಥೆ ಇದು.

ಹಾಗಾಗಿ ನಮ್ಮದೂ ಹೌದು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿಯನ್ನೂ ಸ್ಫೋಟಕವನ್ನೂ ಒಟ್ಟಿಗೆ ಹೊತ್ತಿದ್ದ 'ಫೋರ್ಟ್ ಸ್ಟಿಕೀನ್' ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಸಿಬ್ಬಂದಿ ಸತ್ತರು. ಆ ದಿನವನ್ನು ದೇಶವೆಲ್ಲ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತದೆ, ಕರ್ನಾಟಕವೂ ಆಚರಿಸುತ್ತದೆ. ಹೂವಿಡುತ್ತೇವೆ, ಮೌನವಾಗಿ ನಿಲ್ಲುತ್ತೇವೆ. ನಿಲ್ಲಲೇಬೇಕು. ಆದರೆ ಸ್ಥಳದಲ್ಲೇ ಸತ್ತವರನ್ನು ನೆನೆಯುವುದು ಸುಲಭ, ಅವರಿಗೆ ದಿನಾಂಕವಿದೆ. ಹೊಗೆಯನ್ನು ಒಳಗಿಟ್ಟುಕೊಂಡು ಪಿಂಚಣಿ ಎಣಿಸುತ್ತಿರುವವನಿಗೆ ದಿನಾಂಕವಿಲ್ಲ.

ನ್ಯೂಯಾರ್ಕಿನವರು ಮಾಡಿದ ಒಂದು ಕೆಲಸ ಬ್ಯಾಂಡಿಗಿಂತಲೂ ದೊಡ್ಡ ಸ್ಮರಣೆ ಎಂದು ನನಗೆ ತೋರುತ್ತದೆ. ಗೋಪುರಗಳು ಬೀಳುವ ಮೊದಲೇ ಅಲ್ಲಿ ಸಿಬ್ಬಂದಿಯ ಶ್ವಾಸಕೋಶದ ಶಕ್ತಿಯನ್ನು ಕಾಲಕಾಲಕ್ಕೆ ಅಳೆದು ಬರೆದಿಡುತ್ತಿದ್ದರು. ಅದರಿಂದಲೇ ದುರಂತದ ನಂತರದ ಮೊದಲ ಒಂದು ವರ್ಷದಲ್ಲಿ ಅವರ ಎದೆ ಹನ್ನೆರಡು ವರ್ಷಗಳಷ್ಟು ಮುಪ್ಪಾಯಿತೆಂದು ವೈದ್ಯರು ಸಾಬೀತು ಮಾಡಲು ಸಾಧ್ಯವಾಯಿತು. ಮೊದಲಿನ ಅಳತೆ ಇಲ್ಲದಿದ್ದರೆ ಕಳೆದುಕೊಂಡದ್ದೆಷ್ಟು ಎಂದು ಯಾರೂ ಹೇಳುವಂತಿರಲಿಲ್ಲ; ಕೆಮ್ಮು ವಯಸ್ಸಿನದೋ ಬೀಡಿಯದೋ ಎಂಬ ವಾದದಲ್ಲೇ ಮುಗಿದುಹೋಗುತ್ತಿತ್ತು. ನಮ್ಮ ಊರಿನ ಠಾಣೆಯಿಂದ ನಿವೃತ್ತರಾದವರು ಏಪ್ರಿಲ್ 14ರಂದು ಬಂದು ಹಿಂದಿನ ಸಾಲಿನಲ್ಲಿ ನಿಂತರೆ ಅವರಿಗೊಂದು ಹಾರ ಹಾಕುವುದು ಒಳ್ಳೆಯದೇ. ಉಸಿರಾಟ ಹೇಗಿದೆ ಎಂದು ಕೇಳಿ, ಅಳೆದು, ಬರೆದಿಡುವುದು ಅದಕ್ಕಿಂತ ಒಳ್ಳೆಯದು. ನೆನಪಿಡುವ ಕೆಲಸಕ್ಕೆ ಸಾವು ಬರಲಿ ಎಂದು ಕಾಯಬೇಕಾಗಿಲ್ಲ.